ಮಂಡಿಗೆ ಜೆಲ್ ಇಂಜೆಕ್ಷನ್: ಒಳಗೆ ಹೋದದ್ದು ಎಷ್ಟು ದಿನ ಉಳಿಯುತ್ತದೆ, ಏನು ಮಾಡುತ್ತದೆ?

ಪ್ರಶ್ನೆ: ನನ್ನ ತಾಯಿಗೆ 61 ವರ್ಷ. ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲಿದ್ದಾರೆ. ಎತ್ತರ 5 ಅಡಿ, ತೂಕ 74 ಕೆ.ಜಿ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ, ಮಾತ್ರೆ ನಡೆಯುತ್ತಿದೆ. ಮೂರು ವರ್ಷದಿಂದ ಬಲ ಮಂಡಿ ನೋವು. ಈಗ ಮೆಟ್ಟಿಲು ಇಳಿಯುವುದು, ನೆಲದಿಂದ ಏಳುವುದು ತುಂಬ ಕಷ್ಟ. ಎಕ್ಸ್‌ರೇ ನೋಡಿದ ವೈದ್ಯರು ‘ಗ್ರೇಡ್ 3 ಸವೆತ, ಒಳಗಿನ ಜೆಲ್ ಒಣಗಿದೆ, 6 ಮಿ.ಲೀ. ಜೆಲ್ ಇಂಜೆಕ್ಷನ್ ಹಾಕಿದರೆ ಗ್ರೀಸ್ ತುಂಬಿದ ಹಾಗೆ ಒಂದು ವರ್ಷ ಆರಾಮ’ ಎಂದರು. ಖರ್ಚು ₹18,000. ನೆಂಟರೊಬ್ಬರು ಪಿಆರ್‌ಪಿ ಒಳ್ಳೆಯದು ಎನ್ನುತ್ತಾರೆ. ಮೃದ್ವಸ್ಥಿಗಿಂತ (ಮೂಳೆತುದಿಯ ನುಣುಪು ಹೊದಿಕೆ, ಕಾರ್ಟಿಲೇಜ್) ಗಟ್ಟಿಯಾದ ಹೈಡ್ರೊಜೆಲ್ (ನೀರು ತುಂಬಿದ ಜೆಲ್) ಕಂಡುಹಿಡಿದಿದ್ದಾರೆ, ಇನ್ನು ಆಪರೇಷನ್ನೇ ಬೇಡ ಎಂಬ ವಿಡಿಯೊ ಕೂಡ ನೋಡಿದೆ. ಅಮ್ಮನಿಗೆ ಆಪರೇಷನ್ ಎಂದರೆ ಭಯ. ಈಗ ಜೆಲ್ ಹಾಕಿಸಬೇಕೇ, ಹೊಸದು ಬರುವವರೆಗೆ ಕಾಯಬೇಕೇ? ತಡ ಮಾಡಿದರೆ ಮಂಡಿ ಪೂರ್ತಿ ಹಾಳಾಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ನಿಮ್ಮನ್ನು ಅವಸರಕ್ಕೆ ದೂಡುತ್ತಿರುವುದು ಅದೇ. ಜೆಲ್ ಇಂಜೆಕ್ಷನ್ ಮೂರು ತಿಂಗಳು ತಡವಾಯಿತೆಂದು ಮಂಡಿ ಹಾಳಾಗುವುದಿಲ್ಲ. ಆ ಇಂಜೆಕ್ಷನ್ ಸವೆತವನ್ನು ನಿಲ್ಲಿಸುತ್ತದೆ ಎಂಬುದಕ್ಕೆ ನೆಚ್ಚಬಹುದಾದ ಆಧಾರವಿಲ್ಲ. ಹಾಗಾಗಿ ಅದನ್ನು ಮುಂದೂಡಿದರೆ ಕಳೆದುಕೊಳ್ಳುವುದೂ ಇಲ್ಲ. ನನ್ನ ಸಲಹೆ, ಈಗ ಜೆಲ್ ಬೇಡ. ಮೊದಲು 12 ವಾರ ಬೇರೆ ಕೆಲಸವಿದೆ. ಅದನ್ನು ವಿವರವಾಗಿ ಬರೆಯುತ್ತೇನೆ, ಆದರೆ ಅದಕ್ಕೂ ಮುಂಚೆ ‘ಒಣಗಿದೆ’ ಎಂಬ ಮಾತನ್ನು ಸರಿಯಾಗಿ ನೋಡಬೇಕು. ಉಳಿದ ತಪ್ಪುಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ಸವೆದ ಮಂಡಿ ಒಣಗಿರುವುದಿಲ್ಲ. ಎಷ್ಟೋ ರೋಗಿಗಳಲ್ಲಿ ಕೀಲಿನೊಳಗಿನ ದ್ರವ ಹೆಚ್ಚೇ ಆಗಿರುತ್ತದೆ. ಮಂಡಿ ಊದಿಕೊಳ್ಳುವುದು ಅದರಿಂದಲೇ. ಆರೋಗ್ಯವಂತ ಮಂಡಿಯಲ್ಲಿ ಈ ದ್ರವ ಕೆಲವೇ ಮಿಲಿಲೀಟರ್ ಇರುತ್ತದೆ. ಅದನ್ನು ಅಂಟಂಟಾಗಿ, ಎಳೆದರೆ ನೂಲಿನಂತೆ ಬರುವ ಹಾಗೆ ಇಡುವುದು ಹಯಲುರಾನಿಕ್ ಆಮ್ಲ ಎಂಬ ಬಹು ಉದ್ದನೆಯ ಸಕ್ಕರೆ-ಸರಪಳಿ. ಸವೆತದಲ್ಲಿ ಉರಿಯೂತದಿಂದ ಈ ಸರಪಳಿಗಳು ತುಂಡಾಗುತ್ತವೆ, ಹೆಚ್ಚಾದ ದ್ರವದಲ್ಲಿ ತೆಳುವಾಗುತ್ತವೆ. ದ್ರವದ ಅಂಟು ಕಡಿಮೆಯಾಗುವುದು ನಿಜ, ಬತ್ತಿಹೋಗುವುದು ನಿಜವಲ್ಲ. ಮೂಳೆತುದಿಯ ಮೃದ್ವಸ್ಥಿಯೂ ಅಷ್ಟೇ: ಸವೆತದ ಆರಂಭದಲ್ಲಿ ಅದರ ನೀರಿನಂಶ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ.

ಅದು ಹೇಗೆ ಎಂದು ತಿಳಿದರೆ ಇಡೀ ರೋಗವೇ ಅರ್ಥವಾಗುತ್ತದೆ. ಮೃದ್ವಸ್ಥಿ ಪ್ರಕೃತಿಯೇ ಮಾಡಿದ ಒಂದು ಜೆಲ್. ತೂಕದಲ್ಲಿ ಶೇ. 65ರಿಂದ 80ರಷ್ಟು ನೀರು. ಉಳಿದದ್ದರಲ್ಲಿ ಮುಖ್ಯವಾದವು ಎರಡು: ಎಳೆತ ತಡೆಯುವ ಕೊಲಾಜೆನ್ ಬಲೆ, ಆ ಬಲೆಯೊಳಗೆ ಸಿಕ್ಕಿಕೊಂಡಿರುವ ಅಗ್ರಿಕಾನ್ ಎಂಬ ಅಣುಗಳು. ಅಗ್ರಿಕಾನ್ ಮೈತುಂಬ ಋಣ ವಿದ್ಯುದಂಶ ಹೊತ್ತಿರುವುದರಿಂದ ನೀರನ್ನು ಸದಾ ಒಳಗೆ ಸೆಳೆಯುತ್ತದೆ, ಉಬ್ಬಲು ನೋಡುತ್ತದೆ. ಬಲೆ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಹೀಗೆ ಬಿಗಿದಿಟ್ಟ ಜೆಲ್ ಮೇಲೆ ಕಾಲೂರಿದಾಗ ನೀರು ತಟ್ಟನೆ ಹೊರಹೋಗಲಾರದು. ಆ ಕ್ಷಣದ ಭಾರದಲ್ಲಿ ಹೆಚ್ಚಿನ ಪಾಲನ್ನು ಹೊರುವುದು ಒಳಗೆ ಒತ್ತಡಕ್ಕೆ ಸಿಕ್ಕ ಆ ನೀರೇ. ಕೊಲಾಜೆನ್ ಬಲೆ ಹರಿಯತೊಡಗಿದಾಗ ಹಿಡಿತ ಸಡಿಲವಾಗಿ ಮೃದ್ವಸ್ಥಿ ಹೆಚ್ಚು ನೀರು ಕುಡಿದು ಮೆತ್ತಗಾಗುತ್ತದೆ, ಅಗ್ರಿಕಾನ್ ಸೋರಿಹೋಗುತ್ತದೆ, ನೀರು ಭಾರ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಈ ಬಲೆಯನ್ನು ದೇಹ ಪ್ರಾಯ ಬಂದ ಮೇಲೆ ಮತ್ತೆ ನೇಯುವುದು ತೀರ ಕಡಿಮೆ. ಹೊರಗಿನಿಂದ ಸುರಿದ ಯಾವ ದ್ರವವೂ ಅದನ್ನು ನೇಯುವುದಿಲ್ಲ.

ಇನ್ನೊಂದು ವಿಷಯ. ಮೃದ್ವಸ್ಥಿಗೆ ನರಗಳಿಲ್ಲ, ರಕ್ತನಾಳಗಳಿಲ್ಲ. ಅಮ್ಮನ ನೋವು ಬರುತ್ತಿರುವುದು ಅದರ ಕೆಳಗಿನ ಮೂಳೆಯಿಂದ, ಕೀಲಿನ ಒಳಪೊರೆಯ ಉರಿಯೂತದಿಂದ, ಕೀಲನ್ನು ಸುತ್ತಿದ ಚೀಲದಂಥ ಹೊದಿಕೆ ಮತ್ತು ಸೋತ ಸ್ನಾಯುಗಳಿಂದ. ಎಕ್ಸ್‌ರೇಯಲ್ಲಿ ಗ್ರೇಡ್ 3 (ಸವೆತವನ್ನು 0ಯಿಂದ 4ರವರೆಗೆ ಎಣಿಸುತ್ತಾರೆ) ಇದ್ದೂ ಗದ್ದೆ ಕೆಲಸ ಮಾಡುವವರಿದ್ದಾರೆ, ಗ್ರೇಡ್ 2ಕ್ಕೇ ರಾತ್ರಿ ನಿದ್ದೆಯಿಲ್ಲದವರಿದ್ದಾರೆ. ಚಿತ್ರಕ್ಕೂ ನೋವಿಗೂ ನೇರ ಲೆಕ್ಕವಿಲ್ಲ. ಅಂದಹಾಗೆ, ಆ ಎಕ್ಸ್‌ರೇ ನಿಂತು ತೆಗೆಸಿದ್ದೋ ಮಲಗಿಸಿ ತೆಗೆದದ್ದೋ ಕೇಳಿ ನೋಡಿ. ಕಾಲಿನ ಮೇಲೆ ಭಾರವಿಲ್ಲದಿದ್ದರೆ ಮೂಳೆಗಳ ನಡುವಿನ ಅಂತರ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಅದರ ಮೇಲೆ ಗ್ರೇಡ್ ಹೇಳುವುದು ಸರಿಯಲ್ಲ.

ಜಾರುವಿಕೆಯ ಗುಟ್ಟು ಎಲ್ಲಿದೆ

ಮಂಡಿಗೆ ಗ್ರೀಸ್ ಎಂಬ ಹೋಲಿಕೆ ವೈದ್ಯರ ಬಾಯಲ್ಲೂ ಬರುತ್ತದೆ. ಆದರೆ ಅದು ಮೊದಲು ಬಿರುಕುಬಿಟ್ಟದ್ದು 1960ರ ದಶಕದ ಕೊನೆಯಲ್ಲೇ. ಆಗ ಪ್ರಾಣಿಗಳ ಕೀಲಿನ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಕೀಲುದ್ರವದ ಹಯಲುರಾನಿಕ್ ಆಮ್ಲವನ್ನು ಕಿಣ್ವ ಹಾಕಿ ಒಡೆದರೂ ಮೃದ್ವಸ್ಥಿಗಳು ಮೊದಲಿನಂತೆಯೇ ಜಾರಿದವು. ಪ್ರೊಟೀನನ್ನು ಒಡೆದಾಗ ಜಾರಿಕೆ ಕೆಟ್ಟಿತು. ಹುಡುಕುತ್ತ ಹೋದಾಗ ಸಿಕ್ಕಿದ್ದು ಲೂಬ್ರಿಸಿನ್ ಎಂಬ ಪ್ರೊಟೀನು. ಅದರ ಜೀನ್‌ನಲ್ಲಿ ದೋಷವಿರುವ ಮಕ್ಕಳ ಕೀಲುಗಳು ಎಳವೆಯಲ್ಲೇ ಕೆಡುತ್ತವೆ ಎಂಬುದು 1999ರಲ್ಲಿ ಗೊತ್ತಾಯಿತು.

ಇತ್ತೀಚಿನ ದೊಡ್ಡ ಹೆಜ್ಜೆ ಇಸ್ರೇಲಿನ ವೈಝ್ಮನ್ ಸಂಸ್ಥೆಯ ಜೇಕಬ್ ಕ್ಲೈನ್ ಅವರ ತಂಡದ್ದು. ಮೃದ್ವಸ್ಥಿಯ ಘರ್ಷಣಾಂಕ (ಉಜ್ಜುವಾಗಿನ ತಡೆಯ ಅಳತೆ) 0.001ರಷ್ಟು ಕೆಳಗಿಳಿಯಬಲ್ಲದು, ಅದೂ ವಾತಾವರಣದ ಒತ್ತಡದ ಹತ್ತಾರು ಪಟ್ಟು ಒತ್ತಡದಲ್ಲಿ. ಇದು ಹೇಗೆ ಸಾಧ್ಯ? ಅವರು ತೋರಿಸಿದ್ದು: ಮೃದ್ವಸ್ಥಿಯ ಮೇಲ್ಮೈಗೆ ಅಂಟಿಕೊಂಡ ಹಯಲುರಾನಿಕ್ ಆಮ್ಲದ ಸರಪಳಿಗಳಿಗೆ ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಅಣುಗಳು ಹೊದಿಕೆಯಾಗಿ ಕೂರುತ್ತವೆ. ಆ ಅಣುಗಳ ತಲೆಭಾಗ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಒತ್ತಿದರೂ ಆ ನೀರು ಹಿಂಡಿಹೋಗುವುದಿಲ್ಲ, ಆದರೆ ಅಕ್ಕಪಕ್ಕಕ್ಕೆ ಸರಾಗವಾಗಿ ಸರಿಯುತ್ತದೆ. ಜಾರಿಕೆ ಇರುವುದು ನ್ಯಾನೊಮೀಟರ್ ಲೆಕ್ಕದ ಈ ತೆಳು ಪದರದಲ್ಲಿ. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದ ತಿರುಳು ಇದೇ: ಭಾರದಡಿಯ ಜಾರಿಕೆಗೆ ಹಯಲುರಾನಿಕ್ ಆಮ್ಲ ಒಂದೇ ಸಾಲದು, ಲಿಪಿಡ್ ಜೊತೆಗೂಡಿ ಮೇಲ್ಮೈಯಲ್ಲಿ ನೆಲೆನಿಂತಾಗ ಮಾತ್ರ ಕೆಲಸ ನಡೆಯುತ್ತದೆ.

ಈಗ ಸಿರಿಂಜಿನ ವಿಷಯಕ್ಕೆ ಬನ್ನಿ. ಅದರಲ್ಲಿರುವುದು ಹಯಲುರಾನಿಕ್ ಆಮ್ಲದ ದ್ರಾವಣ. ಕೋಳಿಯ ಜುಟ್ಟಿನಿಂದ ತೆಗೆದದ್ದು ಅಥವಾ ಬ್ಯಾಕ್ಟೀರಿಯಾ ಬೆಳೆಸಿ ಪಡೆದದ್ದು. ಕೆಲವನ್ನು ವಾರಕ್ಕೊಂದರಂತೆ 2 ಮಿ.ಲೀ. ಹಾಕುತ್ತಾರೆ, ಮೂರರಿಂದ ಐದು ವಾರ; ಕೆಲವನ್ನು ಸರಪಳಿಗಳ ನಡುವೆ ಅಡ್ಡಬಂಧ ಬೆಸೆದು ಒಂದೇ ಸಲಕ್ಕೆ 6 ಮಿ.ಲೀ. ಸಾಮಾನ್ಯ ಹಯಲುರಾನಿಕ್ ಆಮ್ಲ ಕೀಲಿನಲ್ಲಿ ಉಳಿಯುವುದು ಹೆಚ್ಚೆಂದರೆ ಕೆಲವು ದಿನ. ಅಡ್ಡಬಂಧ ಇರುವುದು ವಾರಗಳ ಲೆಕ್ಕ. ‘ಒಂದು ವರ್ಷ ಆರಾಮ’ ಎಂದಾಗ ಜೆಲ್ ಒಂದು ವರ್ಷ ಒಳಗಿರುತ್ತದೆ ಎಂದು ಯಾರೂ ತಿಳಿಯಬಾರದು. ಅಮೆರಿಕದಲ್ಲಿ 1997ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದೂ ಔಷಧಿಯಾಗಿ ಅಲ್ಲ, ವೈದ್ಯಕೀಯ ಸಾಧನವಾಗಿ.

ಹಾಗಾದರೆ ಜನರಿಗೆ ಗುಣ ಕಾಣುವುದಿಲ್ಲವೇ? ಕಾಣುತ್ತದೆ. ಬರೀ ಉಪ್ಪುನೀರು ಚುಚ್ಚಿದವರಿಗೂ ಸಾಕಷ್ಟು ಕಾಣುತ್ತದೆ, ಸಮಸ್ಯೆ ಇರುವುದೇ ಅಲ್ಲಿ. 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 169 ಪ್ರಯೋಗಗಳ, 21,000ಕ್ಕೂ ಹೆಚ್ಚು ರೋಗಿಗಳ ಒಟ್ಟು ವಿಶ್ಲೇಷಣೆ ಪ್ರಕಟಿಸಿತು. ಹುಸಿ ಇಂಜೆಕ್ಷನ್‌ಗೆ ಹೋಲಿಸಿದ ದೊಡ್ಡ ಪ್ರಯೋಗಗಳನ್ನು ಮಾತ್ರ ತೆಗೆದುಕೊಂಡರೆ, 100 ಅಂಕದ ನೋವಿನ ಅಳತೆಯಲ್ಲಿ ಜೆಲ್‌ನಿಂದ ಸಿಕ್ಕ ಹೆಚ್ಚುವರಿ ಇಳಿಕೆ ಸುಮಾರು 2 ಅಂಕ. ರೋಗಿಗೆ ವ್ಯತ್ಯಾಸ ಗೊತ್ತಾಗಬೇಕಾದರೆ 9 ಅಂಕದಷ್ಟಾದರೂ ಬೇಕು ಎಂಬುದು ಅದೇ ವಿಶ್ಲೇಷಣೆಯ ಅಳತೆಗೋಲು. ಗಂಭೀರ ಅಡ್ಡಪರಿಣಾಮಗಳು ಜೆಲ್ ಪಡೆದವರಲ್ಲಿ ಸುಮಾರು ಒಂದೂವರೆ ಪಟ್ಟು ಹೆಚ್ಚಿದ್ದವು. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಅದೇ ವರ್ಷ ಸವೆತಕ್ಕೆ ಇದನ್ನು ಕೊಡಬೇಡಿ ಎಂದಿತು. ಅಮೆರಿಕದ ಮೂಳೆ ಶಸ್ತ್ರವೈದ್ಯರ ಅಕಾಡೆಮಿ ವಾಡಿಕೆಯಾಗಿ ಬಳಸುವುದು ಬೇಡ ಎಂದಿದೆ. ಕೆಲವು ರೋಗಿಗಳಿಗೆ, ಅದರಲ್ಲೂ ಸವೆತದ ಆರಂಭದಲ್ಲಿರುವವರಿಗೆ, ಉಪಯೋಗವಿದೆ ಎಂದು ವಾದಿಸುವ ಅನುಭವಿ ವೈದ್ಯರೂ ಇದ್ದಾರೆ. ಅವರನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಯಾರಿಗೆ ಗುಣವಾದೀತು ಎಂದು ಮೊದಲೇ ಹೇಳುವ ನಂಬಲರ್ಹ ಪರೀಕ್ಷೆ ಇಲ್ಲದಿರುವಾಗ, ₹18,000 ಕೂಡಿಸಲು ತಿಂಗಳುಗಟ್ಟಲೆ ಬೇಕಾಗುವ ಮನೆಗೆ ಇದನ್ನೇ ಮೊದಲ ಚಿಕಿತ್ಸೆಯೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಉಳಿದ ಇಂಜೆಕ್ಷನ್‌ಗಳು

ಪಿಆರ್‌ಪಿ ಎಂದರೆ ರೋಗಿಯದೇ ರಕ್ತವನ್ನು ಗಿರಗಿರನೆ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಮಂಡಿಗೆ ಹಾಕುವುದು. ತೊಂದರೆಯೇನೆಂದರೆ ಒಂದು ಕಡೆ ಮಾಡಿದಂತೆ ಇನ್ನೊಂದು ಕಡೆ ಮಾಡುವುದಿಲ್ಲ. ಪ್ಲೇಟ್‌ಲೆಟ್ ಎಷ್ಟು, ಬಿಳಿರಕ್ತಕಣ ಎಷ್ಟು ಉಳಿಯಿತು ಎಂಬುದನ್ನು ಅಳೆಯದೆಯೇ ಹಾಕುವುದು ಸಾಮಾನ್ಯ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಪಿಆರ್‌ಪಿಗೂ ಉಪ್ಪುನೀರಿಗೂ ನೋವಿನಲ್ಲಾಗಲಿ ಮೃದ್ವಸ್ಥಿಯ ಗಾತ್ರದಲ್ಲಾಗಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಪ್ರಯೋಗದಲ್ಲಿದ್ದವರದು ಗ್ರೇಡ್ 2 ಮತ್ತು 3, ಅಂದರೆ ನಿಮ್ಮ ತಾಯಿಯಂಥವರೇ.

ಸ್ಟೀರಾಯ್ಡ್ ಇಂಜೆಕ್ಷನ್ ಅಗ್ಗ. ಮಂಡಿ ಊದಿ ಬಿಸಿಯಾಗಿದ್ದಾಗ ಕೆಲವು ವಾರ ನಿಜವಾಗಿಯೂ ನೆಮ್ಮದಿ ಕೊಡುತ್ತದೆ. ಆದರೆ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟು ನೋಡಿದ 2017ರ ಅಧ್ಯಯನದಲ್ಲಿ ಮೃದ್ವಸ್ಥಿ ಹೆಚ್ಚು ಸವೆಯಿತು, ನೋವಿನಲ್ಲಿ ಲಾಭ ಉಳಿಯಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಹಾಕಿದ ಮರುದಿನದಿಂದ ಕೆಲವು ದಿನ, ಒಮ್ಮೊಮ್ಮೆ ಒಂದು ವಾರ, ರಕ್ತದ ಸಕ್ಕರೆ ಏರುತ್ತದೆ. ಮನೆಯಲ್ಲಿ ಗ್ಲುಕೊಮೀಟರ್ ಇಲ್ಲದೆ ಹಾಕಿಸಬೇಡಿ. ಮುಂದಿನ ಮೂರು ತಿಂಗಳಲ್ಲಿ ಮಂಡಿ ಬದಲಿಸುವ ಯೋಚನೆ ಇದ್ದರಂತೂ ಬೇಡವೇ ಬೇಡ, ಸೋಂಕಿನ ಅಪಾಯ ಹೆಚ್ಚುತ್ತದೆ.

ಪಾಲಿಅಕ್ರಿಲಮೈಡ್ ಹೈಡ್ರೊಜೆಲ್ ಎಂಬ ಹೊಸ ಜೆಲ್ ಯುರೋಪಿನಲ್ಲಿ ಬಳಕೆಗೆ ಬಂದಿದೆ. ಶೇ. 97.5 ನೀರು, ಶೇ. 2.5 ಪಾಲಿಮರ್. ಇದು ಕರಗುವುದಿಲ್ಲ, ಕೀಲಿನ ಒಳಪೊರೆಯೊಳಗೆ ಸೇರಿಕೊಂಡು ಅಲ್ಲೇ ಉಳಿಯುತ್ತದೆ. ಹಯಲುರಾನಿಕ್ ಜೆಲ್‌ಗಿಂತ ಕಡಿಮೆಯಿಲ್ಲ ಎಂದು ಪ್ರಯೋಗದಲ್ಲಿ ಕಂಡಿದೆ. ಆದರೆ ಉಪ್ಪುನೀರಿಗಿಂತ ಹೆಚ್ಚೇನೂ ಮುಂದಿಲ್ಲದ್ದಕ್ಕೆ ಸಮ ಎಂಬುದು ನನಗೆ ಸಾಕಾಗುವ ಸಾಕ್ಷ್ಯವಲ್ಲ. ಸೋಂಕಾದರೆ ಪೂರ್ತಿ ತೆಗೆಯಲಾಗದ ವಸ್ತು ಎಂಬುದನ್ನೂ ಸಕ್ಕರೆ ಕಾಯಿಲೆಯವರು ಮರೆಯಬಾರದು.

ಕಾಂಡಕೋಶದ (ಸ್ಟೆಮ್ ಸೆಲ್) ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ತಯಾರಿಸಿದ, ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶಗಳ ಔಷಧಕ್ಕೆ 2022ರಲ್ಲಿ ದೇಶದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದೆ. ಅದರ ಪ್ರಯೋಗದಲ್ಲಿ ನೋವು ಕಡಿಮೆಯಾದದ್ದು ವರದಿಯಾಗಿದೆ. ಇನ್ನೊಂದೆಡೆ ಅಮೆರಿಕದಲ್ಲಿ ಸುಮಾರು 475 ಜನರ ಮೇಲೆ ಬೇರೆ ಮೂರು ಬಗೆಯ ಕೋಶ ಚಿಕಿತ್ಸೆಗಳನ್ನು ಸ್ಟೀರಾಯ್ಡ್ ಜೊತೆ ಹೋಲಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದ ಬಳಿಕ ಯಾವುದೂ ಸ್ಟೀರಾಯ್ಡ್‌ಗಿಂತ ಮೇಲೆನಿಸಲಿಲ್ಲ. ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ ಎಂದು ಭರವಸೆ ಕೊಟ್ಟು ಹಣ ಕೇಳಿದರೆ ಎದ್ದು ಬನ್ನಿ.

ವಿಡಿಯೊದ ಹೈಡ್ರೊಜೆಲ್

ಅದು ಸುಳ್ಳಲ್ಲ. ಸಾಮಾನ್ಯ ಹೈಡ್ರೊಜೆಲ್ ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಜಿಯಾನ್ ಪಿಂಗ್ ಗಾಂಗ್ ಅವರ ತಂಡ 2003ರಲ್ಲಿ ಒಂದರೊಳಗೊಂದು ಹೆಣೆದ ಎರಡು ಬಲೆಗಳ ಜೆಲ್ ಮಾಡಿತು. ಒಂದು ಬಲೆ ಬಿಗಿ, ಬೇಗ ಮುರಿಯುವಂಥದು; ಇನ್ನೊಂದು ಸಡಿಲ, ಎಳೆದಷ್ಟೂ ಬರುವಂಥದು. ಒತ್ತಡ ಬಿದ್ದಾಗ ಮೊದಲನೆಯದು ಅಲ್ಲಲ್ಲಿ ಮುರಿದು ಶಕ್ತಿಯನ್ನು ನುಂಗುತ್ತದೆ, ಎರಡನೆಯದು ಬಿರುಕು ಹಬ್ಬದಂತೆ ಹಿಡಿಯುತ್ತದೆ. ಸುಮಾರು ಶೇ. 90 ನೀರಿದ್ದೂ ಗಟ್ಟಿಮುಟ್ಟಾದ ಜೆಲ್‌ಗಳ ಯುಗ ಅಲ್ಲಿಂದ ಶುರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಸೆಲ್ಯುಲೋಸ್ ಎಳೆಗಳನ್ನು ಸೇರಿಸಿ ಒತ್ತಡಕ್ಕೂ ಎಳೆತಕ್ಕೂ ಮೃದ್ವಸ್ಥಿಯನ್ನು ಮೀರುವ ಜೆಲ್ ಮಾಡಿದ್ದನ್ನು 2022ರಲ್ಲಿ ಪ್ರಕಟಿಸಿದರು; ನೀವು ನೋಡಿದ್ದು ಬಹುಶಃ ಅದನ್ನೇ. ಕ್ಲೈನ್ ತಂಡ 2020ರಲ್ಲಿ ಜೆಲ್‌ನೊಳಗೇ ಲಿಪಿಡ್ ಗುಳ್ಳೆಗಳನ್ನು ಹುದುಗಿಸಿತು. ಮೇಲ್ಮೈ ಸವೆದಂತೆಲ್ಲ ಹೊಸ ಲಿಪಿಡ್ ಹೊರಬಂದು, ಲಿಪಿಡ್ ಇಲ್ಲದ ಜೆಲ್‌ಗೆ ಹೋಲಿಸಿದರೆ ಘರ್ಷಣೆ ಮತ್ತು ಸವೆತ ಶೇ. 80ರಿಂದ 99ರಷ್ಟು ಇಳಿದವು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಸುಂದರ ಕೆಲಸ ಇದು.

ಆದರೆ ಇವು ಸಿರಿಂಜಿನಲ್ಲಿ ಹಾಕುವ ಜೆಲ್‌ಗಳಲ್ಲ. ಡ್ಯೂಕ್‌ನದು ಒಂದು ಬಿಲ್ಲೆ. ಶಸ್ತ್ರಚಿಕಿತ್ಸೆ ಮಾಡಿ ಮೂಳೆಗೆ ಕೂರಿಸಬೇಕು. ಅದೂ ಒಂದೇ ಕಡೆ, ನಾಣ್ಯದಗಲಕ್ಕೆ ಮೃದ್ವಸ್ಥಿ ಕಿತ್ತುಹೋದವರಿಗೆ. ಗ್ರೇಡ್ 3ರಲ್ಲಿ ಎದುರುಬದುರಿನ ಎರಡೂ ಮೇಲ್ಮೈ, ಕೆಳಗಿನ ಮೂಳೆ, ಒಳಪೊರೆ, ಮಂಡಿಯ ಒಳಗಿನ ಮೆನಿಸ್ಕಸ್ ಎಂಬ ಮೆತ್ತೆ ಎಲ್ಲವೂ ಕೆಟ್ಟಿರುತ್ತವೆ. ಎಷ್ಟೇ ಗಟ್ಟಿ ಜೆಲ್ ಆದರೂ ಅದನ್ನು ಮೂಳೆಗೆ ಭದ್ರವಾಗಿ ಅಂಟಿಸುವುದೇ ಕಷ್ಟದ ಕೆಲಸ. ಬಿಡಿಸಿಕೊಂಡ ಜೆಲ್ ಕೀಲಿನೊಳಗೆ ಓಡಾಡುವ ಕಲ್ಲಿನಂತಾದೀತು. ನಿಮ್ಮ ತಾಯಿಗಾಗಿ ಇದಕ್ಕೆ ಕಾಯಬೇಡಿ.

ಈ 12 ವಾರ ಏನು ಮಾಡಬೇಕು

ತೊಡೆಯ ಮುಂಭಾಗದ ಸ್ನಾಯುವಿನಿಂದ ಶುರುಮಾಡಿ. ಮಂಡಿಯ ಮೇಲೆ ಬೀಳುವ ಹೊಡೆತವನ್ನು ತಡೆದುಕೊಳ್ಳುವುದು ಅದು. ಮೊದಲ ಎರಡು ವಾರ: ಮಲಗಿ, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ 5ರಿಂದ 10 ಸೆಕೆಂಡ್ ಹಿಡಿದು ಬಿಡುವುದು, 10 ಸಲ, ದಿನಕ್ಕೆ ಮೂರು ಬಾರಿ. ಜೊತೆಗೆ ಕಾಲನ್ನು ನೇರವಾಗಿಟ್ಟು ಒಂದು ಅಡಿ ಎತ್ತಿ 5 ಸೆಕೆಂಡ್ ಹಿಡಿಯುವುದು. ಮೂರನೇ ವಾರದಿಂದ ಕುರ್ಚಿಯಿಂದ ಎದ್ದು ಕೂರುವುದು: ಕುರ್ಚಿ ಎತ್ತರವಾಗಿರಲಿ, ಬೇಕಿದ್ದರೆ ದಿಂಬು ಹಾಕಿ, ಮೊದಲು ಕೈ ಊರಿ, ಆಮೇಲೆ ಕೈ ಬಿಟ್ಟು, 8ರಿಂದ 10 ಸಲ, ಮೂರು ಸುತ್ತು, ವಾರಕ್ಕೆ ಮೂರು ದಿನ. ಇಳಿಯುವಾಗ ದೊಪ್ಪನೆ ಕೂರಬಾರದು, ನಿಧಾನವಾಗಿ ಕೂರುವುದೇ ವ್ಯಾಯಾಮ. ಸುಲಭವಾದಂತೆ ದಿಂಬು ತೆಗೆದು ಎತ್ತರ ತಗ್ಗಿಸಿ. ಮಾಡುವಾಗ ಸ್ವಲ್ಪ ನೋವು ಬಂದರೆ ಹೆದರಬೇಕಿಲ್ಲ. ಹತ್ತಕ್ಕೆ ನಾಲ್ಕೈದರಷ್ಟು ಇದ್ದು ಮರುದಿನಕ್ಕೆ ಮೊದಲಿನಂತಾದರೆ ಸರಿ. ಮರುದಿನವೂ ಹೆಚ್ಚಿದ್ದರೆ ನಿಲ್ಲಿಸಬೇಡಿ, ಸಂಖ್ಯೆ ಅರ್ಧ ಮಾಡಿ. ಹೆಚ್ಚಿನವರು ಸೋಲುವುದು ಮೂರನೇ ವಾರದಲ್ಲಿ, ಗುಣ ಕಾಣಲಿಲ್ಲ ಎಂದು ಬಿಟ್ಟುಬಿಟ್ಟು. ಸ್ನಾಯುವಿಗೆ ಬಲ ಬರಲು ಆರೆಂಟು ವಾರ ಬೇಕೇ ಬೇಕು. ಒಂದೆರಡು ಸಲ ಫಿಸಿಯೋಥೆರಪಿಸ್ಟ್ ಎದುರು ಮಾಡಿಸಿದರೆ ಕ್ರಮ ಸರಿಹೋಗುತ್ತದೆ.

ಮನೆಯಲ್ಲಿ ಬದಲಿಸಬೇಕಾದ್ದು: ನೆಲದ ಮೇಲೆ ಕೂತು ತರಕಾರಿ ಹೆಚ್ಚುವುದು, ಬಟ್ಟೆ ಒಗೆಯುವುದು ಬಿಟ್ಟು ಎತ್ತರದ ಸ್ಟೂಲ್, ಕೂರುವ ಕಮೋಡ್, ಪಕ್ಕದ ಗೋಡೆಗೆ ಹಿಡಿ. ಊರುಗೋಲನ್ನು ಎಡಗೈಯಲ್ಲಿ, ಅಂದರೆ ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಮೆಟ್ಟಿಲು ಹತ್ತುವಾಗ ಮೊದಲು ಎಡಗಾಲು, ಇಳಿಯುವಾಗ ಮೊದಲು ಬಲಗಾಲು.

ತೂಕದ ಮಾತು ಕೇಳಿ ಕೇಳಿ ಅವರಿಗೂ ಬೇಸರವಾಗಿರುತ್ತದೆ, ಆದರೆ ಲೆಕ್ಕ ತಿಳಿದರೆ ಹುರುಪು ಬರಬಹುದು. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ. 74ರಿಂದ 70ಕ್ಕೆ ಬಂದರೆ ಹೆಜ್ಜೆಗೆ 16 ಕೆ.ಜಿ. ಸಕ್ಕರೆ ಕಾಯಿಲೆಯೂ ಇರುವುದರಿಂದ, ಸಕ್ಕರೆ ಮತ್ತು ತೂಕ ಎರಡನ್ನೂ ಇಳಿಸುವ ಸೆಮಾಗ್ಲುಟೈಡ್ ಎಂಬ ಔಷಧದ ಬಗ್ಗೆ ಅವರ ವೈದ್ಯರನ್ನು ಕೇಳಬಹುದು. ಮಂಡಿ ಸವೆತ ಮತ್ತು ಬೊಜ್ಜು ಎರಡೂ ಇದ್ದ 407 ಜನರ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 68 ವಾರದಲ್ಲಿ ತೂಕ ಸರಾಸರಿ ಶೇ. 13.7 ಇಳಿದು, ನೋವು ಹುಸಿ ಔಷಧಕ್ಕಿಂತ ಸ್ಪಷ್ಟವಾಗಿ ಕಡಿಮೆಯಾಯಿತು. ಅದರಲ್ಲಿ ಸಕ್ಕರೆ ಕಾಯಿಲೆಯವರನ್ನು ಸೇರಿಸಿರಲಿಲ್ಲ ಎಂಬುದು ನೆನಪಿರಲಿ. ದುಬಾರಿ ಔಷಧ, ವಾಕರಿಕೆ ಸಾಮಾನ್ಯ, ವ್ಯಾಯಾಮ ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ನೋವಿಗೆ ಮೊದಲು ಡೈಕ್ಲೊಫಿನಾಕ್ ಮುಲಾಮು. ಬಟಾಣಿ ಗಾತ್ರ ಸವರಿದರೆ ಸಾಲದು; ಒಂದು ಸಲಕ್ಕೆ ಸುಮಾರು 4 ಗ್ರಾಂ, ದಿನಕ್ಕೆ ಮೂರು ಸಲ, ಮಂಡಿಯ ಸುತ್ತಲೂ. ಹಾಗೆ ಹಚ್ಚಿದರೆ 30 ಗ್ರಾಂ ಟ್ಯೂಬ್ ಎರಡೂವರೆ ದಿನಕ್ಕೆ ಮುಗಿಯುತ್ತದೆ. ಒಂದು ತಿಂಗಳು ಬಂದಿದ್ದರೆ ಪ್ರಯೋಜನವಾಗುವಷ್ಟು ಹಚ್ಚಿಲ್ಲ ಎಂದರ್ಥ. ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆಗಳನ್ನು ಅವರು ದಿನವೂ ನುಂಗಬಾರದು. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಗಳ ಜೊತೆ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ, ಬಿ.ಪಿ. ಏರಿಸುತ್ತವೆ. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿದ ಮೇಲೆ, ವೈದ್ಯರು ಹೇಳಿದಷ್ಟು ದಿನ ಮಾತ್ರ.

12 ವಾರದ ನಂತರವೂ ರಾತ್ರಿ ನೋವು ಎಬ್ಬಿಸುತ್ತಿದ್ದರೆ, ಮನೆಯೊಳಗೇ ಓಡಾಡಲು ಆಗದಿದ್ದರೆ, ಕಾಲು ದಿನೇದಿನೇ ಬಾಗುತ್ತಿದ್ದರೆ ಮಂಡಿ ಬದಲಿ ಶಸ್ತ್ರಚಿಕಿತ್ಸೆಯ ಮಾತನ್ನು ಮುಂದೂಡಬೇಡಿ. ದೊಡ್ಡ ನೋಂದಣಿ ದಾಖಲೆಗಳ ಪ್ರಕಾರ ಬದಲಿಸಿದ ಮಂಡಿಗಳಲ್ಲಿ ಶೇ. 80ಕ್ಕೂ ಹೆಚ್ಚು 25 ವರ್ಷ ಬಾಳುತ್ತವೆ. ಹತ್ತರಲ್ಲಿ ಒಬ್ಬಿಬ್ಬರಿಗೆ ಪೂರ್ತಿ ಸಮಾಧಾನ ಸಿಗುವುದಿಲ್ಲ ಎಂಬುದೂ ನಿಜ. ಅಮ್ಮನಿಗೆ ಎರಡನ್ನೂ ಹೇಳಿ, ನಿರ್ಧಾರ ಅವರದೇ ಆಗಿರಲಿ. ಸಕ್ಕರೆ ಹತೋಟಿಗೆ ಬಂದ ಮೇಲೆ ಮಾಡಿಸಿದರೆ ಸೋಂಕಿನ ಭಯ ಕಡಿಮೆ. ಈ ಮೂರು ತಿಂಗಳಲ್ಲಿ ಗಟ್ಟಿಯಾದ ತೊಡೆ ಆಪರೇಷನ್ ನಂತರವೂ ಕೈಹಿಡಿಯುತ್ತದೆ.

ಇಷ್ಟೆಲ್ಲ ಓದಿಯೂ ಜೆಲ್ ಒಮ್ಮೆ ನೋಡೋಣ ಎಂದು ಅವರು ಬಯಸಿದರೆ ಅದು ತಪ್ಪಲ್ಲ. ಹಾಕುವ ಮುಂಚೆ ಯಾವ ಕಂಪನಿಯದು, ಅಡ್ಡಬಂಧ ಇರುವುದೋ ಇಲ್ಲದ್ದೋ, ಕೋಳಿಜುಟ್ಟಿನ ಮೂಲದ್ದೋ ಎಂದು ಕೇಳಿ. ಮೊಟ್ಟೆ, ಕೋಳಿ ಅಲರ್ಜಿ ಇದ್ದರೆ ತಿಳಿಸಿ. ಮಂಡಿಯಲ್ಲಿ ನೀರು ತುಂಬಿದ್ದರೆ ಅದನ್ನು ಮೊದಲು ತೆಗೆಯಬೇಕು, ಇಲ್ಲದಿದ್ದರೆ ಜೆಲ್ ಅದರಲ್ಲಿ ತೆಳುವಾಗುತ್ತದೆ. ಚರ್ಮದ ಮೇಲೆ ಹುಣ್ಣು, ಕಜ್ಜಿ ಇದ್ದರೆ ಅಂದು ಬೇಡ. ಪೆಟ್ಟಿಗೆಯ ಮೇಲಿನ ಬ್ಯಾಚ್ ಸ್ಟಿಕ್ಕರ್ ಅನ್ನು ಅವರ ಚೀಟಿಗೆ ಅಂಟಿಸಿಕೊಳ್ಳಿ. ಎರಡು ದಿನ ಮೆಟ್ಟಿಲು, ಭಾರ ಬೇಡ. ಮೂರು ದಿನದೊಳಗೆ ಸ್ವಲ್ಪ ಊತ ಬಂದು ಇಳಿಯುವುದು ಸಾಮಾನ್ಯ. ಜ್ವರ, ಚಳಿ, ಕೆಂಪಗೆ ಬಿಸಿಯಾದ ಮಂಡಿ, ಕಾಲೂರಲೂ ಆಗದಷ್ಟು ನೋವು ಬಂದರೆ ಮರುದಿನದವರೆಗೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕೀಲಿನ ದ್ರವ ತೆಗೆದು ಪರೀಕ್ಷೆಗೆ ಕಳಿಸದೆ ಆ್ಯಂಟಿಬಯಾಟಿಕ್ ಮಾತ್ರೆ ಶುರುಮಾಡಲು ಬಿಡಬೇಡಿ, ಶುರುಮಾಡಿದರೆ ಯಾವ ಸೋಂಕು ಎಂಬುದು ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು.